ಹೆರಳು ಹೋದ ವರ್ಷ

ಮಂಗಫ್‌ನ ನಮ್ಮ ಮನೆಯಲ್ಲಿ ತಿಂಗಳಿಗೊಂದು ಗುರುವಾರದ ಮಧ್ಯಾಹ್ನ ನನ್ನ ತಲೆಗೆ ಮೀಸಲಾಗಿತ್ತು. ಆಗ ಕುವೈತ್‌ನಲ್ಲಿ ವಾರದ ರಜೆ ಗುರುವಾರ, ಶುಕ್ರವಾರ. ಊಟ ಮುಗಿಸಿ ಬಚ್ಚಲಿನ ಬಾಗಿಲಲ್ಲಿ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು ಕೂಡುತ್ತಿದ್ದೆ. ನಮ್ಮವರು ಹಳೇ ಬನಿಯನ್ ತೊಟ್ಟು, ಕೈಗವಸು ಏರಿಸಿಕೊಂಡು ನನ್ನ ಬೆನ್ನ ಹಿಂದೆ ನಿಲ್ಲುತ್ತಿದ್ದರು. ಅವರು ರಿಫೈನರಿಯಲ್ಲಿ ಟೆಕ್ನಿಷಿಯನ್. ಮಾತು ಕಡಿಮೆ, ಕೈಕೆಲಸ ಅಚ್ಚುಕಟ್ಟು. ಕೂದಲನ್ನು ಸಾಲು ಸಾಲಾಗಿ ಬಿಡಿಸಿ, ಬುಡದಿಂದ ತುದಿಯವರೆಗೆ ಬ್ರಶ್ಶಿನಲ್ಲಿ ಕಪ್ಪು ಬಣ್ಣ ಎಳೆಯುತ್ತಿದ್ದರು. ನಡುನಡುವೆ "ಅಲ್ಲಾಡಬ್ಯಾಡ" ಅನ್ನುವುದು ಬಿಟ್ಟರೆ ಬೇರೆ ಮಾತಿರಲಿಲ್ಲ. ಬಟ್ಟಲಲ್ಲಿ ಉಳಿದದ್ದು ಅವರ ಮೀಸೆಗೆ.

ನನ್ನ ಕೂದಲು ಸೊಂಟ ದಾಟಿತ್ತು. ಅಷ್ಟು ಉದ್ದಕ್ಕೆ ಒಬ್ಬರೇ ಬಣ್ಣ ಹಚ್ಚಿಕೊಳ್ಳುವುದು ಆಗದ ಕೆಲಸ. ಗದಗಿನಲ್ಲಿ, ನಾನು ಹುಟ್ಟಿ ಬೆಳೆದ ಓಣಿಯಲ್ಲಿ, ನನ್ನ ಹೆಸರು ಹೇಳಿದರೆ ಗುರುತು ಹಿಡಿಯದವರೂ "ಉದ್ದ ಹೆರಳಿನ ಹುಡುಗಿ" ಅಂದರೆ "ಹಾಂ, ಮಾಸ್ತರ ಮಗಳು" ಅನ್ನುತ್ತಿದ್ದರು. ಮೂವತ್ತು ದಾಟುತ್ತಿದ್ದಂತೆ ಬಿಳಿ ಕೂದಲು ಕಾಣಿಸಿಕೊಂಡಿತು. ಕುವೈತ್‌ಗೆ ಬಂದ ಮೇಲಂತೂ ಬಾಚಣಿಗೆ ತುಂಬ ಬಿಳಿಯೇ. ಇಲ್ಲಿರುವ ನಮ್ಮ ಹೆಂಗಸರೆಲ್ಲ ಅದಕ್ಕೆ ನೀರನ್ನು ಬೈಯುತ್ತಾರೆ. ಬೇಸಿಗೆಯಲ್ಲಿ ಮೇಲಿನ ಟ್ಯಾಂಕಿನಿಂದ ಕುದಿಯುವ ನೀರು ಬರುತ್ತದಲ್ಲ, ಅದರಿಂದಲೇ ಎಲ್ಲ ಅಂತ. ನಾನೂ ಹಾಗೇ ಬೈದುಕೊಂಡು ಮೊದಲು ಮದರಂಗಿ ಹಚ್ಚಿದೆ, ಅದು ಕೆಂಪಾಯಿತು. ಆಮೇಲೆ ಪುಡಿ, ಆಮೇಲೆ ಡಬ್ಬಿಯ ಬಣ್ಣ. ಹದಿನೈದು ವರ್ಷಕ್ಕೂ ಮೇಲೆ ಹೀಗೇ ನಡೆಯಿತು. ಮಂಡಿನೋವು ಬಂತು, ಚಷ್ಮಾ ಬಂತು, ಸೀರೆಯ ಕುಪ್ಪಸಗಳನ್ನು ಎಷ್ಟು ಸಲ ಬಿಚ್ಚಿ ಹೊಲಿಸಿದೆನೋ. ಹೆರಳು ಮಾತ್ರ ವಿಮಾನ ಇಳಿದ ದಿನ ಹೇಗಿತ್ತೋ ಹಾಗೇ ಇತ್ತು. ಬೆಳಿಗ್ಗೆ ಅದನ್ನು ಹೆಣೆದುಕೊಂಡು ಅಬ್ಬಾಸಿಯಾದಲ್ಲಿ ನಾನು ಪಾಠ ಹೇಳುವ ಶಾಲೆಗೆ ಹೊರಟರೆ, ವ್ಯಾನಿನಲ್ಲಿ ಕೂತಾಗ ತುದಿ ತೊಡೆಯ ಮೇಲೆ ಬರುತ್ತಿತ್ತು. ಅಷ್ಟು ಸಾಕಿತ್ತು ನನಗೆ.

ಕೆಲವು ತಿಂಗಳಿಂದ ಬಣ್ಣ ಹಚ್ಚಿದ ಮರುದಿನ ಕಿವಿಯ ಹಿಂದೆ ನವೆ ಬರುತ್ತಿತ್ತು. ಫಾರ್ಮಸಿಯವರು ಒಂದು ಟ್ಯೂಬು ಕೊಟ್ಟಿದ್ದರು. ಹಚ್ಚಿದರೆ ಹೋಗುತ್ತಿತ್ತು. ಹಾಗೆ ಹೋಗುವ ನವೆಗೆ ಯಾರು ಡಾಕ್ಟರ ಬಳಿ ಓಡುತ್ತಾರೆ?

ಆ ವರ್ಷ ನನಗೆ ನಲವತ್ತೆಂಟು. ಅಣ್ಣನ ಮಗಳು ವಿದ್ಯಾಳ ನಿಶ್ಚಿತಾರ್ಥಕ್ಕೆ ದಿನ ಗೊತ್ತಾಗಿತ್ತು. ರಜೆ ಮಂಜೂರಾಗಿ ಟಿಕೆಟ್ಟೂ ಬಂದಿತ್ತು. ಊರಿಗೆ ಹೋಗುವುದಲ್ಲವೇ ಎಂದು ಆ ಸಲ ಬುಡಕ್ಕೆ ಮಾತ್ರವಲ್ಲ, ಪೂರ್ತಿ ಉದ್ದಕ್ಕೂ ಹಚ್ಚಿಸಿಕೊಂಡೆ. ಇನ್ನೂ ಕಪ್ಪಗಾಗಲಿ ಎಂದು ಡಬ್ಬಿಯ ಮೇಲೆ ಹೇಳಿದ ಹೊತ್ತಿಗಿಂತ ಹೆಚ್ಚೇ ಬಿಟ್ಟೆವು.

ಶುಕ್ರವಾರ ಹಣೆ ಬಿಸಿಯೆನಿಸಿತು. ಸಂಜೆಗೆ ಕಿವಿಗಳು ದಪ್ಪವಾದವು. ಟ್ಯೂಬು ಹಚ್ಚಿ ಮಲಗಿದೆ. ಶನಿವಾರ ಬೆಳಿಗ್ಗೆ ನಮ್ಮವರು ಎಂದಿನಂತೆ ಕತ್ತಲಲ್ಲೇ ಎದ್ದು ಕಂಪನಿ ಬಸ್ಸಿಗೆ ಹೋಗಿದ್ದರು, ನನ್ನನ್ನು ಎಬ್ಬಿಸಿರಲಿಲ್ಲ. ಎಚ್ಚರವಾದಾಗ ಕೋಣೆ ಕತ್ತಲಾಗಿಯೇ ಇತ್ತು. ದೀಪ ಹಾಕೋಣವೆಂದು ಎದ್ದೆ. ಸ್ವಿಚ್ಚು ಒತ್ತಿದ ಸದ್ದು ಕೇಳಿತು, ಬೆಳಕು ಬರಲಿಲ್ಲ. ಮುಖಕ್ಕೆ ಕೈ ಹಚ್ಚಿದೆ. ಕಣ್ಣಿರಬೇಕಾದ ಕಡೆ ಎರಡು ಮೆತ್ತನೆಯ ಗಡ್ಡೆಗಳಿದ್ದವು. ಬೆರಳಿನಿಂದ ರೆಪ್ಪೆ ಬಿಡಿಸಲು ಹೋದರೆ ರೆಪ್ಪೆ ಎಲ್ಲಿದೆ ಎಂದೇ ತಿಳಿಯಲಿಲ್ಲ. ಮಗಳು ಪಲ್ಲವಿಯನ್ನು ಕರೆದೆ. ನನ್ನ ದನಿ ಬೇರೆ ಯಾರದೋ ಆಗಿತ್ತು.

ಪಲ್ಲವಿ ಆಗ ಹತ್ತನೇ ತರಗತಿ. ಅವಳು ಕೆಳಗಿನ ಮಹಡಿಯ ಹಿಲ್ಡಾ ಬಾಯಿಗೆ ಫೋನು ಮಾಡಿದಳು. ಹಿಲ್ಡಾ ಬಾಯಿ ಮಂಗಳೂರಿನವರು, ಒಂದು ಕಂಪನಿಯ ಆಫೀಸಿನಲ್ಲಿ ಕೆಲಸ. ಅವತ್ತು ಡ್ಯೂಟಿಗೆ ಹೊರಟಿದ್ದವರು ಹಾಗೇ ಮೇಲೆ ಬಂದರು.

"ಎಂತ ಇದು ಸುಮಂಗಲಾ," ಅಂದವರು ಹತ್ತಿರ ಬಂದು ಕೂತರು. ಆಮೇಲೆ ನನ್ನ ಕೈ ಹಿಡಿದು, "ಹೆದರ್ಬೇಡಿ, ನಾನುಂಟಲ್ಲ. ಉಸಿರಾಡ್ಲಿಕ್ಕೆ ಆಗ್ತದಾ? ಮಾತಾಡ್ಬೇಡಿ, ತಲೆ ಆಡಿಸಿ ಸಾಕು," ಅಂದರು.

ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಿತ್ತು. ಹಾಗೆಂದು ಕೈಸನ್ನೆ ಮಾಡಿದೆ. ಅವರು ನೈಟಿಯ ಮೇಲೆಯೇ ನನಗೊಂದು ಶಾಲು ಸುತ್ತಿ, ಮೆಟ್ಟಿಲಿಳಿಸಿ, ತಮ್ಮ ಗಂಡನ ಕಾರಿನಲ್ಲಿ ಬಡಾವಣೆಯ ಸರ್ಕಾರಿ ಕ್ಲಿನಿಕ್ಕಿಗೆ ಕರೆದೊಯ್ದರು. ಅಲ್ಲಿ ಕೌಂಟರಿನ ಗುಮಾಸ್ತ ನನ್ನ ಗುರುತಿನ ಕಾರ್ಡು ಕೇಳಿದ. "ಹಾದಾ ಇಂತಿ?" ಅಂದ. ಇದು ನೀನೇನಾ ಅಂತ. ಕಾರ್ಡಿನಲ್ಲಿದ್ದ ಫೋಟೋಗೂ ಎದುರಿಗೆ ನಿಂತವಳಿಗೂ ಹೋಲಿಕೆ ಇಲ್ಲದೆ ಅವನು ಕಾರ್ಡು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾನೆಂದು ಹಿಲ್ಡಾ ಬಾಯಿಯ ಮಾತಿನಿಂದ ಗೊತ್ತಾಯಿತು. "ಅವಳೇ, ಅವಳೇ. ಯಲ್ಲಾ ಭಾಯಿ, ಬೇಗ ಮಾಡು," ಅನ್ನುತ್ತಿದ್ದರು ಅವರು. ನಾನು ನಾನೇ ಎಂದು ಇನ್ನೊಬ್ಬರು ಸಾಕ್ಷಿ ಹೇಳುವುದನ್ನು ಕೇಳುತ್ತ ಕೌಂಟರಿನ ಅಂಚು ಹಿಡಿದು ನಿಂತಿದ್ದೆ. ಒಂದು ಇಂಜೆಕ್ಷನ್ ಕೊಟ್ಟು ಅಲ್ಲಿಂದ ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸಿದರು.

ಹೆಂಗಸರ ವಾರ್ಡಿನಲ್ಲಿ ನಾನು ಕಳೆದ ದಿನಗಳನ್ನು ಕಣ್ಣಿನಿಂದ ನೆನಪಿಸಿಕೊಳ್ಳಲಾರೆ. ನೆನಪಿರುವುದು ಸದ್ದುಗಳು. ಪಕ್ಕದ ಹಾಸಿಗೆಯವರ ಬಳೆ, ಟ್ರಾಲಿಯ ಕಿರುಗುಟ್ಟುವ ಒಂದು ಚಕ್ರ, ಎಸಿಯ ಗುಂಯ್ ಎನ್ನುವಿಕೆ. ಯಾರಾದರೂ ಹತ್ತಿರ ಬಂದರೆ ಚಪ್ಪಲಿಯ ಸದ್ದಿನಿಂದ ಗುರುತು ಹಿಡಿಯಲು ನೋಡುತ್ತಿದ್ದೆ. ಕೇರಳದ ನರ್ಸ್ ಲಿಸ್ಸಿ ಬಂದರೆ ಮಾತ್ರ ಮೊದಲೇ "ಚೇಚಿ, ಮೇಂ ಲಿಸ್ಸಿ" ಎಂದು, ಅಕ್ಕಾ ನಾನು ಲಿಸ್ಸಿ ಅಂತ ಹೇಳಿ, ಆಮೇಲೆ ಮುಟ್ಟುತ್ತಿದ್ದಳು. ಉಳಿದವರು ಹಾಗೇ ಮುಟ್ಟುತ್ತಿದ್ದರು, ಪ್ರತಿ ಸಲವೂ ನಾನು ಬೆಚ್ಚುತ್ತಿದ್ದೆ. ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ. ಕಣ್ಣು ಮುಚ್ಚಿದವಳಿಗೆ ಹೇಳಿ ಮುಟ್ಟಬೇಕೆಂದು ಆಗ ನನಗೂ ಗೊತ್ತಿರಲಿಲ್ಲ.

ಡಾಕ್ಟರು ಈಜಿಪ್ಟಿನ ಹೆಂಗಸು. ಏನು ತಿಂದೆ, ಏನು ಕುಡಿದೆ, ಯಾವ ಮಾತ್ರೆ ಎಂದೆಲ್ಲ ಕೇಳಿ, ಕೊನೆಗೆ ನನ್ನ ತಲೆಯ ಮೇಲಿನ ಬಟ್ಟೆ ಸರಿಸಿ ನೋಡಿ, "ಹೇರ್ ಡೈ?" ಅಂದರು. ಹೌದೆಂದೆ. ಅವರು ಜೊತೆಗಿದ್ದವರಿಗೆ ಅರಬ್ಬಿಯಲ್ಲಿ ಏನೋ ಹೇಳಿದರು, ಯಾರೋ ಸಣ್ಣಗೆ ನಕ್ಕರು. ಬಹುಶಃ ಬೇರೆ ಯಾವುದಕ್ಕೋ ನಕ್ಕಿರಬಹುದು. ಆದರೆ ಆ ಕ್ಷಣದಿಂದ ನನ್ನ ನೋವಿನ ಜೊತೆ ನಾಚಿಕೆಯೂ ಸೇರಿಕೊಂಡಿತು. ಹೃದಯದ ಕಾಯಿಲೆಯಾಗಿದ್ದರೆ, ಮೂತ್ರಪಿಂಡದ್ದಾಗಿದ್ದರೆ ತಲೆಯೆತ್ತಿ ಹೇಳಬಹುದಿತ್ತು. ಇದನ್ನು ಯಾರಿಗೆ ಏನೆಂದು ಹೇಳುವುದು?

ನಮ್ಮವರು ಮಧ್ಯಾಹ್ನ ಡ್ಯೂಟಿಯ ಬಟ್ಟೆಯಲ್ಲೇ ಬಂದರು. ಎಣ್ಣೆ, ಗಂಧಕ ಬೆರೆತ ಆ ವಾಸನೆಯಿಂದಲೇ ತಿಳಿಯಿತು. ಹಾಸಿಗೆಯ ಕಾಲ ಬಳಿ ನಿಂತರು.

"ಬಂದ್ರೇನ್ರಿ?" ಅಂದೆ.

"ಹೂಂ."

"ಹತ್ರ ಬರ್ರಿ."

ಬರಲಿಲ್ಲ. "ನನ್ನ ಕೈಯಾಗ ಆತಲ್ಲ ಸುಮಾ," ಅಂದರು.

ಅಲ್ಲವೆಂದು ಹೇಳಬೇಕಿತ್ತು. ತುಟಿಗಳು ಊದಿ ಮಾತು ಹೊರಡುತ್ತಿರಲಿಲ್ಲ. ಸುಮ್ಮನೆ ಕೈ ಚಾಚಿದೆ. ಅದನ್ನು ಹಿಡಿದು ಬಿಕ್ಕಿದರು. ಮೂವತ್ತು ವರ್ಷ ಸಮೀಪಿಸಿದ ಸಂಸಾರದಲ್ಲಿ ಅವರು ಅಳುವುದನ್ನು ಕೇಳಿದ್ದು ಅದೇ ಮೊದಲು, ಮತ್ತು ನನಗೆ ಅವರ ಮುಖ ಕಾಣುತ್ತಿರಲಿಲ್ಲ.

ಗಂಟಲಿನ ಬಿಗಿತ ಎರಡನೇ ದಿನಕ್ಕೆ ಸಡಿಲವಾಯಿತು. ಜೀವಕ್ಕೆ ಭಯವಿಲ್ಲ ಅಂದರು. ಆದರೆ ತಲೆ ಹುಣ್ಣಾಯಿತು. ನೆತ್ತಿಯಿಂದ ನೀರು ಒಸರಿ ಒಸರಿ ಕೂದಲೆಲ್ಲ ಒಂದಕ್ಕೊಂದು ಅಂಟಿ ಹಲಗೆಯಂತಾಯಿತು. ದಿಂಬಿಗೆ ಅಂಟಿಕೊಂಡದ್ದನ್ನು ಬಿಡಿಸುವಾಗ ಕೂಗಿಕೊಳ್ಳುತ್ತಿದ್ದೆ. ಜ್ವರ ಬಂತು. ಕೀವು ಕಟ್ಟುತ್ತಿದೆ, ಕೂದಲು ತೆಗೆಯದೆ ಮದ್ದು ಒಳಗೆ ಹೋಗುವುದಿಲ್ಲ ಎಂದು ಡಾಕ್ಟರು ಹೇಳಿದರು.

"ಚೇಚಿ, ಬಾಲ್ ಕಾಟ್ನಾ ಪಡೇಗಾ," ಎಂದು ಲಿಸ್ಸಿ ಮೆಲ್ಲಗೆ ನನ್ನ ಕಿವಿಯಲ್ಲಿ ಅದನ್ನೇ ಮತ್ತೆ ಹೇಳಿದಳು.

ಬೇಡ ಅಂದೆ. ಒಂದು ದಿನ ನೋಡೋಣ ಅಂದೆ. ಅವರು ಒಂದು ದಿನ ನೋಡಿದರು. ಜ್ವರ ಏರಿತು. ಮರುದಿನ ಭೇಟಿಯ ಹೊತ್ತಿಗೆ ಡಾಕ್ಟರು ನಮ್ಮವರನ್ನೇ ಕೇಳಿದರು. ನಮ್ಮವರು ನನ್ನ ಕಡೆ ಬಾಗಿ, "ನೀ ಏನಂತಿ?" ಅಂದರು. ನಾನು ಏನೂ ಅನ್ನಲಿಲ್ಲ. "ಮಾಡ್ರಿ," ಎಂದು ಅವರೇ ಕನ್ನಡದಲ್ಲಿ ಹೇಳಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳಿದರು.

ನಾನು ಕತ್ತರಿಯ ಸದ್ದು ಚುರುಕಾಗಿರುತ್ತದೆ ಎಂದುಕೊಂಡಿದ್ದೆ. ಅದು ಹಾಗಿರಲಿಲ್ಲ. ಗಟ್ಟಿಯಾದ ರಟ್ಟನ್ನು ಕತ್ತರಿಸಿದ ಹಾಗೆ ತಡೆತಡೆದು, ಸ್ವಲ್ಪ ಸ್ವಲ್ಪವೇ ಹೋಯಿತು. ಲಿಸ್ಸಿ ಪ್ರತಿ ಸಲ ಕತ್ತರಿಸುವ ಮುಂಚೆ "ಅಬ್" ಅನ್ನುತ್ತಿದ್ದಳು, ಈಗ ಅಂತ. ಹೆರಳಿನ ಭಾರ ಒಮ್ಮೆಲೇ ಕುತ್ತಿಗೆಯಿಂದ ಕಳಚಿದಾಗ ತಲೆ ತಾನಾಗಿ ಮುಂದಕ್ಕೆ ವಾಲಿತು. ಹುಟ್ಟಿದಾಗಿನಿಂದ ಎಳೆದು ಹಿಡಿದಿದ್ದ ಯಾರೋ ಕೈಬಿಟ್ಟ ಹಾಗೆ. ಉಳಿದದ್ದನ್ನು ಮಷೀನಿನಲ್ಲಿ ತೆಗೆದು, ತಣ್ಣನೆಯ ನೀರಿನಲ್ಲಿ ತೊಳೆದರು. ನಾಚಿಕೆ ಬಿಟ್ಟು ಒಂದು ಮಾತು ಬರೆಯುತ್ತೇನೆ. ಆ ನೀರು ಬಿದ್ದಾಗ ಹಾಯೆನಿಸಿತು.

ಕತ್ತರಿಸಿದ ಹೆರಳನ್ನು ಒಂದು ಕಪ್ಪು ಚೀಲಕ್ಕೆ ಹಾಕಿ ನಮ್ಮವರ ಕೈಗೆ ಕೊಟ್ಟಿದ್ದರಂತೆ. ಬಣ್ಣ ಅದರಲ್ಲಿ ಇನ್ನೂ ಇರಬಹುದು, ಮನೆಯೊಳಗೆ ಇಡಬೇಡಿ ಎಂದು ಹೇಳಿದ್ದರಂತೆ. ಅದೇನಾಯಿತೆಂದು ನಾನು ಕೆಲವು ವಾರದ ನಂತರವೇ ಕೇಳಿದೆ. ಬೀದಿಯ ದೊಡ್ಡ ಕಸದ ತೊಟ್ಟಿಗೆ ಹಾಕಿದೆ ಅಂದರು. "ಹಾಕಿ ಅಲ್ಲೇ ನಿಂತಿದ್ದೆ, ಗಾಡಿ ಬರೋ ತನಕ. ಬೆಕ್ಕು ಎಳದಾಡಬಾರದಲ್ಲ." ಇಷ್ಟು ಹೇಳಿ ಟೀವಿಯ ಕಡೆ ತಿರುಗಿದರು.

ಅವ್ವನಿಗೆ ಫೋನು ಮಾಡಿದ್ದು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ. ಅಷ್ಟರಲ್ಲಿ ಕಣ್ಣು ಸೀಳಿನಷ್ಟು ತೆರೆದಿತ್ತು. ಮುಖದ ಚರ್ಮ ಒಣಗಿ ಹಾಳೆಯಂತೆ ಏಳುತ್ತಿತ್ತು. ಅವ್ವ ಮೊದಲು ಅತ್ತಳು. ಆಮೇಲೆ, "ತಲಿ ಯಾಕ ಬೋಳಿಸಿದ್ರು? ಗಂಡ ಗಟ್ಟಿಮುಟ್ಟ ಇದ್ದಾಗ ಹಂಗ ಮಾಡ್ತಾರೇನವಾ? ನೀ ಸುಮ್ನ ಯಾಕ ಕೂತಿ?" ಅಂದಳು.

"ಕೀವು ಆಗಿತ್ತವ್ವಾ."

"ಬ್ಯಾರೆ ದವಾಖಾನಿಗೆ ಹೋಗಬೇಕಿತ್ತು."

ಆಮೇಲೆ ಅವ್ವ, "ನಿಶ್ಚಯಕ್ಕ ಬರಬ್ಯಾಡ ಬಿಡು. ಬೀಗರ ಮುಂದ ಏನಂತ ಹೇಳೋದು? ಶುಭಕಾರ್ಯ. ಮುಂದ ಮದುವಿಗೆ ಬರಾಕಂತೂ ಬರ್ತಿ," ಅಂದಳು. ದನಿ ಮೃದುವಾಗಿಯೇ ಇತ್ತು. ಅದೇ ಹೆಚ್ಚು ಕಷ್ಟವಾಯಿತು. ಜಗಳವಾಡಿದ್ದರೆ ನಾನೂ ಎರಡು ಮಾತು ಆಡಬಹುದಿತ್ತು.

ಟಿಕೆಟ್ಟು ರದ್ದಾಯಿತು. ನಿಶ್ಚಿತಾರ್ಥದ ದಿನ ಎಂದಿನಂತೆ ಅಡುಗೆ ಮಾಡಿದೆ. ಹಿಲ್ಡಾ ಬಾಯಿ ತಮ್ಮ ಮನೆಯಲ್ಲಿ ಮಾಡಿದ ಕೋರಿರೊಟ್ಟಿಯ ಬದಲು, ನಾವು ಮಾಂಸ ತಿನ್ನುವುದಿಲ್ಲವೆಂದು, ನನಗಾಗಿಯೇ ಮಾಡಿದ ಗೋಳಿಬಜೆ ತಂದುಕೊಟ್ಟು, ನಿಶ್ಚಿತಾರ್ಥದ ಸುದ್ದಿಯೇ ಎತ್ತದೆ, ಮೇಲಿನ ಮನೆಯವರ ನೀರಿನ ಪೈಪಿನ ಜಗಳ ಹೇಳಿಕೊಂಡು ಸಂಜೆಯ ತನಕ ಕೂತರು.

ಶಾಲೆಗೆ ಮರಳಿದಾಗ ತಲೆಗೆ ಹತ್ತಿಯ ಸ್ಕಾರ್ಫು ಕಟ್ಟಿಕೊಂಡೆ. ಕಪ್ಪು ಬಟ್ಟೆ ಬೇಡ, ಅದರ ಬಣ್ಣವೂ ಆಗದಿರಬಹುದು ಎಂದು ಡಾಕ್ಟರು ಹೇಳಿದ್ದರಿಂದ ಬಿಳಿಯದು. ನಮ್ಮ ಬೀದಿಯ ಅಂಗಡಿಯವನು, ಇಷ್ಟು ವರ್ಷ "ನಮಸ್ತೇ ದೀದಿ" ಅನ್ನುತ್ತಿದ್ದವನು, "ಅಸ್ಸಲಾಮು ಅಲೈಕುಂ" ಅಂದ. ಸುಮ್ಮನೆ ತಲೆಯಾಡಿಸಿ ಮೊಸರು ತಂದೆ. ಸ್ಟಾಫ್ ರೂಮಿನಲ್ಲಿ ಒಬ್ಬರು "ಅಯ್ಯೋ, ಬಣ್ಣದಿಂದ ಇಷ್ಟೆಲ್ಲ ಆಗುತ್ತಾ?" ಎಂದು ಕೇಳಿ, ನಾನು ಹೇಳುತ್ತಿರುವಾಗಲೇ ತಾವು ಹಚ್ಚುವುದು ಯಾವ ಕಂಪನಿಯದು, ತಮಗೆ ಏನೂ ಆಗಿಲ್ಲ ಎಂದು ಹೇಳಿದರು. ಇನ್ನೊಬ್ಬರು, "ಈ ವಯಸ್ಸಿಗೆ ಅಷ್ಟುದ್ದ ಯಾಕ್ರಿ ಬೇಕಿತ್ತು, ಮೊದಲೇ ಕಟ್ ಮಾಡಿಸ್ಬೇಕಿತ್ತು," ಅಂದರು. ಮೂರನೇ ತರಗತಿಯ ಮಕ್ಕಳು ಮಾತ್ರ ಏನೂ ಕೇಳಲಿಲ್ಲ. ಲೆಕ್ಕ ಹೇಳಿಕೊಟ್ಟೆ, ಬರೆದುಕೊಂಡರು.

ಊತ ಇಳಿಸಲು ಕೊಟ್ಟ ಕಾರ್ಟಿಸೋನ್ ಮಾತ್ರೆಗಳಿಂದ ಮುಖ ದುಂಡಗಾಯಿತು, ಹಸಿವು ವಿಪರೀತವಾಯಿತು, ನಿದ್ದೆ ಹೋಯಿತು. ಮನೆಯಲ್ಲಿ ನಮ್ಮವರು ನನ್ನ ತಲೆಯ ಹತ್ತಿರ ಕೈ ತರುತ್ತಿರಲಿಲ್ಲ. ಮುಲಾಮು ಹಿಂದಕ್ಕೆ ಎಟುಕುವುದಿಲ್ಲ, ಹಚ್ಚಿಕೊಡಿ ಅಂದರೆ, "ಹಿಲ್ಡಾ ಬಾಯಿನ ಕರೀಲೇನು?" ಅನ್ನುತ್ತಿದ್ದರು. ಅವರ ಮೀಸೆಯ ಬುಡ ಬಿಳಿಯಾಗುತ್ತ ಬಂತು. ಬಣ್ಣ ಹಚ್ಚುವುದನ್ನು ಅವರೂ ಬಿಟ್ಟಿದ್ದಾರೆಂದು ನನಗೆ ಹೊಳೆದದ್ದು ಅದು ಪೂರ್ತಿ ಬೆಳ್ಳಗಾದ ಮೇಲೆ.

ಚರ್ಮದ ವಿಭಾಗಕ್ಕೆ ತಿಂಗಳುಗಟ್ಟಲೆ ಓಡಾಡಿದೆ. ಬೆನ್ನಿಗೆ ಚೌಕ ಚೌಕವಾಗಿ ಪಟ್ಟಿ ಅಂಟಿಸಿ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಪರೀಕ್ಷೆ. ಸ್ನಾನವಿಲ್ಲ, ಬೆವರುವಂತಿಲ್ಲ. ಕುವೈತ್‌ನ ಬೇಸಿಗೆಯಲ್ಲಿ ಬೆವರಬೇಡ ಎಂದರೆ ಮನೆ ಬಿಟ್ಟು ಹೊರಡಬೇಡ ಎಂದಂತೆ. ಹೆಂಗಸರ ಕಡೆಯ ಕುರ್ಚಿಗಳಲ್ಲಿ ಒಂದು ದಿನ ನನ್ನ ಪಕ್ಕದಲ್ಲಿ ಕುವೈತಿ ಮುದುಕಿಯೊಬ್ಬರು ಕೂತಿದ್ದರು. ಫ್ಲಾಸ್ಕಿನಿಂದ ಪುಟ್ಟ ಗಾಜಿನ ಲೋಟಕ್ಕೆ ಚಹಾ ಬಗ್ಗಿಸಿ ಕೇಳದೆಯೇ ನನ್ನ ಕೈಗಿಟ್ಟರು. ಆಮೇಲೆ ನನ್ನ ಸ್ಕಾರ್ಫಿನ ಅಂಚಿನಲ್ಲಿ ಕಾಣುತ್ತಿದ್ದ ಮೊಳಕೆಯಂಥ ಬಿಳಿ ಕೂದಲನ್ನು ಬೆರಳಿನಿಂದ ತೋರಿಸಿ ಏನೋ ಕೇಳಿದರು. ನನ್ನ ಅರಬ್ಬಿ ಅಂಗಡಿಯ ಮಟ್ಟದ್ದು. ನಂಬರು ಕರೆಯುತ್ತಿದ್ದ ನರ್ಸ್ ನಡುವೆ ಹಿಂದಿಯಲ್ಲಿ ತಿಳಿಸಿ ಹೇಳಿದಳು. ಇರಾಕಿನವರು ನುಗ್ಗಿದ ಯುದ್ಧದ ವರ್ಷ ಅವರ ಕೂದಲೂ ಹಿಡಿ ಹಿಡಿಯಾಗಿ ಉದುರಿತ್ತಂತೆ. ಆಮೇಲೆ ಬಂದದ್ದೆಲ್ಲ ಬಿಳಿಯಂತೆ. ಅವರು ತಲೆಯ ಬಟ್ಟೆ ಸರಿಸಿ, ಮದರಂಗಿಯಿಂದ ಕೆಂಪಾದ, ಬೆರಳಿನಷ್ಟು ಸಪೂರದ ಜಡೆಯನ್ನು ಎತ್ತಿ ತೋರಿಸಿದರು. "ಮಾ ಅಲೇ," ಅಂದರು. ಹೋಗಲಿ ಬಿಡು ಅಂತ. ನನ್ನ ತಲೆಯ ಮೇಲೆ ಅಂಗೈ ಇಟ್ಟು ಇನ್ನೊಮ್ಮೆ ಅದನ್ನೇ ಹೇಳಿದರು. ಮದ್ದು ಹಚ್ಚುವುದಕ್ಕಲ್ಲದೆ ಯಾರೂ ಅದುವರೆಗೆ ಆ ತಲೆಯನ್ನು ಮುಟ್ಟಿರಲಿಲ್ಲ. ನನ್ನ ನಂಬರು ಕರೆದಾಗ ಚಹಾದ ಲೋಟ ಅವರ ಕೈಗೆ ಮರಳಿಸಿ ಎದ್ದೆ.

ಪರೀಕ್ಷೆಯ ಫಲಿತಾಂಶ ಚಿಕ್ಕದು. ಕಪ್ಪು ಬಣ್ಣ ಇನ್ನು ಜನ್ಮದಲ್ಲಿ ಮುಟ್ಟುವಂತಿಲ್ಲ. ಮುಂದಿನ ಸಲ ಗಂಟಲು ಸಡಿಲವಾಗುತ್ತದೆಂದು ಹೇಳಲಾಗದು. ಖಲಾಸ್ ಅಂದರು ಡಾಕ್ಟರು.

ಮರುವರ್ಷ ವಿದ್ಯಾಳ ಮದುವೆಗೆ ಮೂವರೂ ಗದಗಿಗೆ ಹೋದೆವು. ಕೂದಲು ಕಿವಿ ಮುಚ್ಚುವಷ್ಟು ಬೆಳೆದಿತ್ತು. ಒಂದೇ ಒಂದು ಎಳೆಯೂ ಕಪ್ಪಿರಲಿಲ್ಲ. ಸ್ಕಾರ್ಫು ಬಿಟ್ಟೇ ಹೋದೆ, ಊರಲ್ಲಿ ಅದು ಇನ್ನೂ ಹೆಚ್ಚು ಪ್ರಶ್ನೆ ತರುತ್ತಿತ್ತು. ಬಾಗಿಲಲ್ಲಿ ಅವ್ವ ನನ್ನನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದು, ಮತ್ತೆ ಮುಂದೆ ಬಂದು ಕೈ ಹಿಡಿದಳು. ಅವಳಿಗೆ ಎಪ್ಪತ್ತು ದಾಟಿತ್ತು. ಅವಳ ಕೂದಲು ಕಾಡಿಗೆಯಷ್ಟು ಕಪ್ಪಗಿತ್ತು. ಚಪ್ಪರ ಕಟ್ಟುತ್ತಿದ್ದವರಲ್ಲಿ ಒಬ್ಬರು ಅಪ್ಪನನ್ನು, "ಇವರು ಅಮ್ಮಾರ ಅಕ್ಕ ಏನ್ರಿ?" ಎಂದು ಕೇಳಿದ್ದು ನನಗೂ ಕೇಳಿಸಿತು. ಅಪ್ಪ ಕಿವಿ ಕೇಳದವರಂತೆ ಒಳಗೆ ಹೋದರು.

ಮುತ್ತೈದೆಯರನ್ನು ಕರೆದು ಅರಿಷಿಣ ಹಚ್ಚುವಾಗ ನನ್ನನ್ನು ಯಾರೂ ಕರೆಯಲಿಲ್ಲ. ಬೇಕೆಂದು ಬಿಟ್ಟರೆಂದು ನಾನು ಹೇಳಲಾರೆ. ಕೊರಳಲ್ಲಿ ತಾಳಿ, ಹಣೆಯಲ್ಲಿ ಕುಂಕುಮ ಎಲ್ಲ ಇತ್ತು. ಆದರೆ ಕಣ್ಣು ಮೊದಲು ಹೋಗುವುದು ತಲೆಯ ಕಡೆಗೆ. ನಾನು ಅಡುಗೆಯವರ ಹತ್ತಿರ ಹೋಗಿ ಕೊತ್ತಂಬರಿ ಸೋಸುತ್ತ ಕೂತೆ.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಅವ್ವ ನನ್ನನ್ನೂ ಪಲ್ಲವಿಯನ್ನೂ ಹಿಂದಿನ ಕೋಣೆಗೆ ಕರೆದಳು. ನೆಲದ ಮೇಲೆ ಬಟ್ಟಲಲ್ಲಿ ಕಲಸಿಟ್ಟ ಕಪ್ಪು ಬಣ್ಣ. ನಾನು ಹೊಸ್ತಿಲಲ್ಲೇ ನಿಂತೆ.

"ಪಲ್ಲವಿ, ಹಿಂದಿಂದು ನನಗ ಎಟಕಂಗಿಲ್ಲವಾ. ಹಚ್ಚು ಬಾ," ಅಂದಳು ಅವ್ವ. "ನಿಮ್ಮಮ್ಮ ಮುಟ್ಟೋ ಹಂಗಿಲ್ಲಂತಲ್ಲ."

ಅವಳು ಸೆರಗು ಜಾರಿಸಿ ಬೆನ್ನು ತಿರುಗಿಸಿದಳು. ಕುತ್ತಿಗೆಯ ಮೇಲೆ ಕೂದಲಿನ ಅಂಚಿನುದ್ದಕ್ಕೂ ಚರ್ಮ ಕೆಂಪಾಗಿ ಬಿರುಕು ಬಿಟ್ಟಿತ್ತು. ಅದರ ಮೇಲೆ ಪೌಡರ್ ಮೆತ್ತಿಕೊಂಡಿದ್ದಳು.

"ಅವ್ವಾ, ಇದೇನು?"

"ಬೆವರಸಾಲಿ."

"ಎಷ್ಟು ದಿನದಿಂದ?"

ಅವ್ವ ಸೆರಗು ಮತ್ತೆ ಮೇಲಕ್ಕೆಳೆದಳು. "ಮದುವಿ ಒಂದು ಮುಗೀಲಿ," ಅಂದಳು. ನಾನು ಬೇಡವೆಂದೆ. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಬೈದೆ, ಬೇಡಿಕೊಂಡೆ. "ಎಲ್ಲಾರಿಗೂ ನಿನಗ ಆದಂಗ ಆಗ್ತದೇನು?" ಎಂದು ಅವ್ವ ಬ್ರಶ್ಶು ತಾನೇ ಎತ್ತಿಕೊಂಡಳು. ಹೋಗಿ ಕಿತ್ತುಕೊಳ್ಳಬೇಕೆಂದರೆ ನಾನು ಆ ಬಟ್ಟಲಿನ ಹತ್ತಿರವೂ ಸುಳಿಯುವಂತಿರಲಿಲ್ಲ. ಹೊಸ್ತಿಲಲ್ಲಿ ಕೈ ಕಟ್ಟಿಕೊಂಡು ನಿಂತಿದ್ದೆ.

ಆಗ ಪಲ್ಲವಿ ಮಾತಾಡಿದಳು. ಕನ್ನಡ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ ಹುಡುಗಿ. ಅಜ್ಜಿಗೆ ಇಂಗ್ಲಿಷ್ ಬಾರದೆಂದು ಒಂದೊಂದೇ ಮಾತು ಹುಡುಕಿ ಜೋಡಿಸಿದಳು.

"ಅಜ್ಜಿ, ಆ ದಿನ ಅಮ್ಮ ಕರದ್ಲು. ನಾ ಬಾಗಿಲಾ ತಗದೆ. ಅಲ್ಲಿ ಅಮ್ಮನ ಫೇಸ್ ಇರಲಿಲ್ಲ. ಕಣ್ಣ ಇರಲಿಲ್ಲ. ನಂಗ ಇದು ಯಾರು ಅಂತ ಗೊತ್ತಾಗಲಿಲ್ಲ. ಅಮ್ಮ ಕೈ ಹಿಂಗ ಮಾಡಿ ನನ್ನ ಹುಡುಕಲಿಕತ್ತಿದ್ಲು. ನಾ ಒಳಗ ಹೋಗಲಿಲ್ಲ. ಬಾಗಿಲಾ ಹಾಕಿದೆ. ಹಾಕಿ ಹೊರಗ ನಿಂತೆ. ಅಮ್ಮ ಕರೀತಾನೇ ಇದ್ಲು." ಅವಳು ನಿಲ್ಲಿಸಿ, ಮೂಗು ಒರೆಸಿಕೊಂಡು, "ಆಮ್ಯಾಲ ಹಿಲ್ಡಾ ಆಂಟಿಗೆ ಫೋನ್ ಮಾಡಿದೆ. ನೀವು ಹಂಗ ಆಗಬ್ಯಾಡ್ರಿ ಅಜ್ಜಿ. ನಾ ಮತ್ತ ನೋಡಂಗಿಲ್ಲ," ಅಂದಳು.

ಇದು ನನಗೆ ಗೊತ್ತಿರಲಿಲ್ಲ. ಒಂದು ವರ್ಷ ಅದೇ ಮನೆಯಲ್ಲಿ, ಅದೇ ಮೇಜಿನಲ್ಲಿ ಊಟ ಮಾಡಿಕೊಂಡಿದ್ದ ಹುಡುಗಿ. ಆಸ್ಪತ್ರೆ, ಕತ್ತರಿ, ಅವ್ವನ ಮಾತು, ಸ್ಟಾಫ್ ರೂಮು, ಎಲ್ಲವನ್ನೂ ನನಗೊಬ್ಬಳಿಗೇ ಆದದ್ದು ಎಂದುಕೊಂಡಿದ್ದೆ. ಅವಳ ಕಡೆ ಹೋಗಿ ಹೆಗಲು ಹಿಡಿದೆ.

ಅವ್ವ ಬ್ರಶ್ಶು ಕೆಳಗಿಟ್ಟಳು. "ಆ ಹುಡುಗಿಗೆ ಏನರ ತಿನ್ನಾಕ ಕೊಡು ಹೋಗು, ಮುಂಜಾನಿಂದ ಏನೂ ತಿಂದಿಲ್ಲ," ಅಂದಳು. ನಾವು ಅಡುಗೆಮನೆಗೆ ಬಂದೆವು. ಸ್ವಲ್ಪ ಹೊತ್ತಿಗೆ ಹಿತ್ತಲಲ್ಲಿ ನೀರು ಸುರಿಯುವ, ಬಟ್ಟಲು ಉಜ್ಜುವ ಸದ್ದು ಕೇಳಿತು.

ಮದುವೆಯ ದಿನ ಅವ್ವನ ಬೈತಲೆಯಲ್ಲಿ ಬೆರಳಗಲದ ಬಿಳಿಗೆರೆ ಎಲ್ಲರಿಗೂ ಕಾಣುತ್ತಿತ್ತು. ಸೆರಗು ಹೊದ್ದಿದ್ದರೂ ಅದು ಜಾರುತ್ತಿತ್ತು, ಅವಳು ಮತ್ತೆ ಮತ್ತೆ ಎಳೆದುಕೊಳ್ಳುತ್ತಿದ್ದಳು. ಆರತಿಯ ಹೊತ್ತಿಗೆ ಮುತ್ತೈದೆಯರನ್ನು ಕೂಗಿದರು. ನಾನು ಹಿಂದಿನ ಸಾಲಿನಲ್ಲಿ ಹಿಲ್ಡಾ ಬಾಯಿಗೆ ಕೊಡಲೆಂದು ಇಟ್ಟುಕೊಂಡಿದ್ದ ಸೀರೆಯ ಪೊಟ್ಟಣ ಕಾಯುತ್ತ ಕೂತಿದ್ದೆ. ಅವ್ವ ವೇದಿಕೆಯಿಂದ ಇಳಿದು, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಬಂದು ನನ್ನ ಮಣಿಕಟ್ಟು ಹಿಡಿದಳು.

"ಏಳು."

"ಬ್ಯಾಡವ್ವಾ. ಜನ ಇದ್ದಾರ."

"ಏಳಂದೆ."

ಮೇಲೆ ಹೋದಾಗ ಬೀಗರ ಕಡೆಯ ಹಿರಿಯ ಹೆಂಗಸೊಬ್ಬರು ನನ್ನ ತಲೆಯನ್ನೂ ತಾಳಿಯನ್ನೂ ನೋಡಿ ಅವ್ವನ ಕಡೆ ತಿರುಗಿದರು. ಅವರು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು.

"ನನ್ನ ಮಗಳು. ಕುವೈತ್‌ನಾಗ ಇರ್ತಾಳ. ಭಾಳ ಜಡ್ಡಾಗಿದ್ಲು ಪಾಪ, ಬದುಕಿ ಬಂದಾಳ."

ಆ ಹೆಂಗಸು, "ಹೌದೇನ್ರಿ, ಪಾಪ," ಎಂದು ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಅವ್ವ ಆರತಿಯ ತಟ್ಟೆಯ ಒಂದು ಬದಿ ನನ್ನ ಕೈಗೆ ಕೊಟ್ಟು, ಇನ್ನೊಂದು ಬದಿ ತಾನು ಹಿಡಿದಳು. ನನ್ನ ಬದಿ ತಟ್ಟೆ ವಾಲಿತು.

"ತಟ್ಟಿ ನೆಟ್ಟಗ ಹಿಡಿ," ಅಂದಳು ನನಗಷ್ಟೇ ಕೇಳುವಂತೆ. "ದೀಪಾ ಆರ್ತದ."